ಬೈತಲೆ ಅಗಲವಾದದ್ದು ಮೊದಲು ಕಾಣುವುದು ನಿಮಗೆ: ಬ್ಯೂಟಿ ಪಾರ್ಲರ್ ನಡೆಸುವ ಅಕ್ಕತಂಗಿಯರಿಗೊಂದು ಬಹಿರಂಗ ಪತ್ರ

ಊರೂರಿನಲ್ಲಿ ಪಾರ್ಲರ್ ನಡೆಸುತ್ತಿರುವ ಅಕ್ಕತಂಗಿಯರೇ,



ಒಬ್ಬ ಹೆಣ್ಣುಮಗಳ ಕೂದಲು ತೆಳ್ಳಗಾಗುತ್ತಿದೆ ಎಂಬುದು ಅವಳ ಡಾಕ್ಟರಿಗಿಂತ ಮೊದಲು, ಎಷ್ಟೋ ಸಲ ಅವಳಿಗಿಂತಲೂ ಮೊದಲು, ನಿಮಗೆ ತಿಳಿಯುತ್ತದೆ. ತನ್ನ ನೆತ್ತಿಯನ್ನು ತಾನೇ ಸರಿಯಾಗಿ ನೋಡಿಕೊಳ್ಳಲು ಯಾರಿಗೂ ಆಗುವುದಿಲ್ಲ. ನೀವು ಅವಳ ಹಿಂದೆ ನಿಂತು ಬಾಚಣಿಗೆಯ ತುದಿಯಿಂದ ಬೈತಲೆ ತೆಗೆಯುತ್ತೀರಿ. ಹೋದ ವರ್ಷ ಗೆರೆಯಂತಿದ್ದದ್ದು ಈ ವರ್ಷ ಅಗಲವಾಗಿರುವುದು, ರಬ್ಬರ್ ಬ್ಯಾಂಡು ಒಂದು ಸುತ್ತು ಹೆಚ್ಚು ಹಿಡಿಯುತ್ತಿರುವುದು ನಿಮ್ಮ ಕೈಗೇ ಗೊತ್ತಾಗುತ್ತದೆ. ಆಗ ನೀವು ಆಡುವ ಮಾತಿಗೆ ತುಂಬ ತೂಕವಿದೆ. ಹಾಗಾಗಿಯೇ ಈ ಪತ್ರವನ್ನು ಡಾಕ್ಟರುಗಳಿಗೋ ಕಂಪನಿಗಳಿಗೋ ಬರೆಯದೆ ನಿಮಗೆ ಬರೆಯುತ್ತಿದ್ದೇನೆ.

ಈಚೆಗೆ ಪಾರ್ಲರುಗಳ ಕಪಾಟಿನಲ್ಲಿ ಶಾಂಪೂ, ಸೀರಮ್ಮುಗಳ ಪಕ್ಕ ಬಯೋಟಿನ್ ಗಮ್ಮಿಯ ಡಬ್ಬಿಗಳು, ಕೂದಲಿನ ವಿಟಮಿನ್ ಮಾತ್ರೆಗಳು ಬಂದು ಕೂತಿವೆ. ಗಿರಾಕಿ ‘ಕೂದಲು ತುಂಬಾ ಉದುರ್ತಿದೆ ಅಕ್ಕಾ’ ಎಂದ ಕೂಡಲೇ ಕೈ ಅತ್ತ ಹೋಗುತ್ತದೆ. ಅಂಗಡಿ ಬಾಡಿಗೆ ಕಟ್ಟಬೇಕು, ಹುಡುಗಿಯರಿಗೆ ಸಂಬಳ ಕೊಡಬೇಕು. ಡಬ್ಬಿಯಿಂದ ಬರುವ ನಾಲ್ಕು ಕಾಸನ್ನು ನಾನು ಆಡಿಕೊಳ್ಳುವುದಿಲ್ಲ. ನಿಮ್ಮಲ್ಲಿ ಬಹಳ ಮಂದಿ ಅದು ಕೆಲಸ ಮಾಡುತ್ತದೆ ಎಂದು ನಂಬಿಯೇ ಕೊಡುತ್ತೀರಿ ಎಂಬುದೂ ನನಗೆ ಗೊತ್ತು. ನನ್ನ ಕೋರಿಕೆ ಒಂದೇ. ಹಾರ್ಮೋನಿನ ಏರುಪೇರಿನಿಂದ ಉದುರುತ್ತಿರುವ ಕೂದಲಿಗೆ ಆ ಡಬ್ಬಿಯನ್ನು ಮದ್ದೆಂದು ಕೊಡಬೇಡಿ. ಅದು ಆ ಕೆಲಸ ಮಾಡುವುದಿಲ್ಲ, ಮತ್ತು ಅದನ್ನು ನಂಬಿಕೊಂಡು ಅವಳು ಕಳೆಯುವ ತಿಂಗಳುಗಳು ಅವಳಿಗೆ ತಿರುಗಿ ಸಿಗುವುದಿಲ್ಲ.

ಯಾಕೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ತಲೆಯ ಪ್ರತಿಯೊಂದು ಕೂದಲೂ 2ರಿಂದ 6 ವರ್ಷ ಬೆಳೆಯುತ್ತದೆ, ಆಮೇಲೆ ಸುಮಾರು 3 ತಿಂಗಳು ಸುಮ್ಮನಿದ್ದು ಉದುರುತ್ತದೆ, ಅದೇ ಬುಡದಿಂದ ಹೊಸದು ಬರುತ್ತದೆ. ದಿನಕ್ಕೆ 50ರಿಂದ 100 ಎಳೆ ಹೋಗುವುದು ಲೆಕ್ಕದೊಳಗೇ ಇದೆ. ಹಾರ್ಮೋನು ಕೆಡಿಸುವುದು ಈ ಲೆಕ್ಕವನ್ನು. ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನು ಹೆಂಗಸರ ಮೈಯಲ್ಲೂ ಇರುತ್ತದೆ, ಸ್ವಲ್ಪ ಪ್ರಮಾಣದಲ್ಲಿ. ಕೂದಲ ಬುಡದಲ್ಲಿರುವ ಒಂದು ಕಿಣ್ವ ಅದನ್ನು ಡಿಎಚ್‌ಟಿ ಎಂಬ ಇನ್ನೂ ಬಲವಾದ ರೂಪಕ್ಕೆ ತಿರುಗಿಸುತ್ತದೆ. ಹುಟ್ಟಿನಿಂದಲೇ ಈ ಡಿಎಚ್‌ಟಿಗೆ ಬೇಗ ಮಣಿಯುವ ಬುಡಗಳು ಕೆಲವರ ನೆತ್ತಿಯಲ್ಲಿರುತ್ತವೆ. ಅಂಥ ಬುಡ ಪ್ರತಿ ಸುತ್ತಿನಲ್ಲೂ ಕುಗ್ಗುತ್ತ ಹೋಗುತ್ತದೆ. ದಪ್ಪ ಎಳೆ ಹುಟ್ಟುತ್ತಿದ್ದಲ್ಲಿ ಸಣ್ಣ ಎಳೆ, ಆಮೇಲೆ ಮಗುವಿನ ಮೈಮೇಲಿರುವಂಥ ನವಿರು. ತಲೆಸ್ನಾನದಲ್ಲಿ ಕೈತುಂಬ ಉದುರಿದ್ದು ಕಾಣಲೇಬೇಕೆಂದಿಲ್ಲ; ಜಡೆ ಮಾತ್ರ ವರ್ಷದಿಂದ ವರ್ಷಕ್ಕೆ ಸಣಕಲಾಗುತ್ತದೆ. ಹೆಂಗಸರಲ್ಲಿ ಹಣೆಯ ಅಂಚಿನ ಕೂದಲು ಸಾಮಾನ್ಯವಾಗಿ ಹಾಗೆಯೇ ಉಳಿದು ನಡುನೆತ್ತಿ ತೆರೆದುಕೊಳ್ಳುತ್ತದೆ. 1977ರಲ್ಲಿ ಲುಡ್‌ವಿಗ್ ಎಂಬ ವೈದ್ಯರು ಇದನ್ನು ಮೂರು ಹಂತಗಳಾಗಿ ವಿಂಗಡಿಸಿದರು, ಇವತ್ತಿಗೂ ಡಾಕ್ಟರುಗಳು ಆ ಹಂತಗಳನ್ನೇ ಬಳಸುತ್ತಾರೆ. ನೀವು ಬೈತಲೆ ನೋಡಿ ಅಂದಾಜು ಮಾಡುವುದೂ ಅದನ್ನೇ.

ಕೂದಲಿಗೂ ಹಾರ್ಮೋನಿಗೂ ಇರುವ ಈ ನಂಟನ್ನು ಸಾಬೀತು ಮಾಡಿದವರು ಅಮೆರಿಕದ ಅಂಗರಚನಾ ತಜ್ಞ ಜೇಮ್ಸ್ ಹ್ಯಾಮಿಲ್ಟನ್, 1942ರಲ್ಲಿ. ಪ್ರಾಯಕ್ಕೆ ಬರುವ ಮೊದಲೇ ವೃಷಣ ಕಳೆದುಕೊಂಡ ಗಂಡಸರ ತಲೆ ಬೋಳಾಗುವುದಿಲ್ಲ ಎಂದು ಅವರು ಕಂಡರು. ಅಂಥವರಿಗೆ ಟೆಸ್ಟೋಸ್ಟಿರೋನ್ ಕೊಟ್ಟಾಗ, ಮನೆತನದಲ್ಲಿ ಬೋಳುತಲೆ ಇದ್ದವರ ಕೂದಲು ತೆಳುವಾಗತೊಡಗಿತು. ಮನೆತನದಲ್ಲಿ ಇಲ್ಲದವರಿಗೆ ಏನೂ ಆಗಲಿಲ್ಲ. ಹಾರ್ಮೋನು ಮತ್ತು ಹುಟ್ಟುಗುಣ ಎರಡೂ ಕೂಡಿದಾಗ ಆಗುವುದು ಇದು. ಆದ್ದರಿಂದಲೇ ನೆತ್ತಿ ತೆಳ್ಳಗಾದ ಎಷ್ಟೋ ಹೆಂಗಸರ ರಕ್ತಪರೀಕ್ಷೆಯಲ್ಲಿ ಹಾರ್ಮೋನಿನ ಮಟ್ಟ ಸರಿಯಾಗಿಯೇ ಬರುತ್ತದೆ. ಅವರ ಕೂದಲ ಬುಡಕ್ಕೆ ಅಷ್ಟೇ ಸಾಕಾಗಿರುತ್ತದೆ. ರಿಪೋರ್ಟ್ ನಾರ್ಮಲ್ ಬಂತಲ್ಲ, ಹಾಗಾದರೆ ವಿಟಮಿನ್ ಕೊರತೆಯೇ ಇರಬೇಕು ಎಂದು ಅಲ್ಲಿಂದ ತೀರ್ಮಾನಕ್ಕೆ ಬರಬೇಡಿ.

ಗಮ್ಮಿಯಲ್ಲಿ ಇರುವುದಾದರೂ ಏನು? ಬಯೋಟಿನ್, ಒಂದಿಷ್ಟು ಝಿಂಕ್, ವಿಟಮಿನ್ ಎ, ಸಿ, ಇ, ಕೆಲವದರಲ್ಲಿ ಸೆಲೆನಿಯಮ್, ಜೊತೆಗೆ ಸಕ್ಕರೆ. ಇವೆಲ್ಲ ಮೈಯಲ್ಲಿ ಕಡಿಮೆಯಾಗಿದ್ದರೆ ತುಂಬಿಕೊಡುವ ಪದಾರ್ಥಗಳು. ಡಿಎಚ್‌ಟಿಯನ್ನು ತಡೆಯುವ, ಇನ್ಸುಲಿನ್ ಇಳಿಸುವ, ಥೈರಾಯ್ಡ್ ಎತ್ತುವ ಶಕ್ತಿ ಇವುಗಳಿಗಿಲ್ಲ. ಎಣ್ಣೆ ತೀರಿ ಆರುವ ದೀಪಕ್ಕೆ ಎಣ್ಣೆ ಹೊಯ್ದರೆ ಉರಿದೀತು. ಗಾಳಿಗೆ ಆರುತ್ತಿರುವ ದೀಪಕ್ಕೆ ಎಷ್ಟು ಹೊಯ್ದರೇನು?

ಬಯೋಟಿನ್ ವಿಷಯವನ್ನು ಇನ್ನಷ್ಟು ಹೇಳಬೇಕು, ಏಕೆಂದರೆ ಇಲ್ಲಿ ಡಬ್ಬಿ ಬರೀ ವ್ಯರ್ಥವಾಗುವುದಿಲ್ಲ, ಕೇಡನ್ನೂ ಮಾಡುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾದ ಬಯೋಟಿನ್ ಸುಮಾರು 30 ಮೈಕ್ರೋಗ್ರಾಂ. ಮೊಟ್ಟೆ, ಶೇಂಗಾ, ಕಾಳುಗಳನ್ನು ತಿನ್ನುವ ಮನೆಯಲ್ಲಿ ಅದರ ಕೊರತೆ ಬರುವುದೇ ಅಪರೂಪ. ಮಾರುಕಟ್ಟೆಯ ಮಾತ್ರೆಗಳಲ್ಲಿ ಬರುವುದು 5,000, 10,000 ಮೈಕ್ರೋಗ್ರಾಂ. ಕೂದಲಿಗೆ ಬಯೋಟಿನ್ ಫಲಕೊಟ್ಟ ವರದಿಗಳನ್ನೆಲ್ಲ 2017ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಸಿಕ್ಕಿದ್ದು 18 ಪ್ರಕರಣ. ಅಷ್ಟೂ ಮಂದಿಗೆ ಕೂದಲನ್ನೋ ಉಗುರನ್ನೋ ಕೆಡಿಸುವ ಬೇರೆಯದೇ ಕಾಯಿಲೆ ಇತ್ತು, ಹಲವರಿಗೆ ಅದು ಹುಟ್ಟಿನಿಂದ ಬಂದದ್ದು. ಆರೋಗ್ಯವಾಗಿರುವ ಹೆಂಗಸಿನ ತಲೆಯಲ್ಲಿ ಅದು ಕೂದಲು ಬೆಳೆಸುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ.

ಕೇಡು ಆಗುವುದು ಲ್ಯಾಬಿನಲ್ಲಿ. ಥೈರಾಯ್ಡ್ ಮತ್ತಿತರ ಹಾರ್ಮೋನು ಅಳೆಯುವ ಹಲವು ಪರೀಕ್ಷೆಗಳಲ್ಲಿ ಬಯೋಟಿನ್ನನ್ನೇ ಒಂದು ಕೊಂಡಿಯಾಗಿ ಬಳಸುತ್ತಾರೆ. ರಕ್ತದಲ್ಲಿ ಮೊದಲೇ ಅದು ತುಂಬಿಕೊಂಡಿದ್ದರೆ ಲೆಕ್ಕ ತಪ್ಪುತ್ತದೆ. ಥೈರಾಯ್ಡ್ ಕುಂದಿದಾಗ ಏರುವ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಥೈರಾಯ್ಡ್ ಸುರಿಸುವ ಟಿ4 ಇರುವುದಕ್ಕಿಂತ ಹೆಚ್ಚು. ಇದನ್ನು ನಿಮ್ಮ ಗಿರಾಕಿಯೊಬ್ಬಳ ಮೇಲಿಟ್ಟು ಯೋಚಿಸಿ. ಥೈರಾಯ್ಡ್ ಕುಂದಿ ಅವಳ ಕೂದಲು ಉದುರುತ್ತಿದೆ. ಕೂದಲಿಗೆಂದು ಬಯೋಟಿನ್ ತಿನ್ನುತ್ತಾಳೆ. ಪರೀಕ್ಷೆ ಮಾಡಿಸುತ್ತಾಳೆ, ಏರಬೇಕಿದ್ದ ಟಿಎಸ್‌ಎಚ್ ನಾರ್ಮಲ್ ಎಂದು ಬರುತ್ತದೆ. ಕಾಯಿಲೆ ಅಲ್ಲೇ ಉಳಿಯುತ್ತದೆ, ಡಬ್ಬಿಯ ಮೇಲಿನ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರ ನವೆಂಬರಿನಲ್ಲಿ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. ಹೃದಯಾಘಾತ ಪತ್ತೆಹಚ್ಚುವ ಟ್ರೊಪೋನಿನ್ ಪರೀಕ್ಷೆಯೂ ಹೀಗೆಯೇ ತಪ್ಪಿ, ಹೆಚ್ಚು ಬಯೋಟಿನ್ ತೆಗೆದುಕೊಳ್ಳುತ್ತಿದ್ದ ಒಬ್ಬ ರೋಗಿ ತೀರಿಕೊಂಡದ್ದು ಅದರಲ್ಲಿ ದಾಖಲಾಗಿದೆ. ಆದ್ದರಿಂದ ಯಾರಾದರೂ ರಕ್ತಪರೀಕ್ಷೆಗೆ ಹೊರಟಿದ್ದರೆ ಎರಡು ಮೂರು ದಿನ ಮೊದಲೇ ಬಯೋಟಿನ್ ನಿಲ್ಲಿಸಲು ಹೇಳಿ, ತಿನ್ನುತ್ತಿದ್ದ ವಿಷಯವನ್ನು ಲ್ಯಾಬಿನವರಿಗೂ ಡಾಕ್ಟರಿಗೂ ತಿಳಿಸಲು ಹೇಳಿ.

ಇನ್ನು ನಿಮ್ಮ ದಾರದ ಕೆಲಸಕ್ಕೆ ಬರುತ್ತೇನೆ. ನನ್ನ ಪ್ರಕಾರ ಈ ಪತ್ರದ ಮುಖ್ಯ ಮಾತು ಇದೇ.

ನಿಮ್ಮ ಕುರ್ಚಿಯಲ್ಲಿ ಕೂತ ಹುಡುಗಿ ಹುಬ್ಬು ಮಾಡಿಸಿಕೊಂಡ ಮೇಲೆ ದನಿ ತಗ್ಗಿಸಿ, ‘ಅಕ್ಕಾ, ಗದ್ದದ ಕೆಳಗೂ ಸ್ವಲ್ಪ ತೆಗೀರಿ’ ಎನ್ನುತ್ತಾಳೆ. ಮನೆಯಲ್ಲಿ ತಾಯಿಗೂ ಹೇಳಿರುವುದಿಲ್ಲ. ಗದ್ದದ ಮೇಲಿನ ಆ ಕಪ್ಪು, ಒರಟು ಕೂದಲನ್ನು ಬೆಳೆಸಿದ ಹಾರ್ಮೋನೇ ನೆತ್ತಿಯ ಕೂದಲನ್ನು ಸಣ್ಣಗೆ ಮಾಡುತ್ತಿರುವುದು. ಒಂದೇ ಡಿಎಚ್‌ಟಿ, ಗದ್ದದ ಬುಡಕ್ಕೆ ಬೆಳೆ ಎನ್ನುತ್ತದೆ, ನೆತ್ತಿಯ ಬುಡಕ್ಕೆ ಕುಗ್ಗು ಎನ್ನುತ್ತದೆ. ಡಾಕ್ಟರು ಅವಳನ್ನು ನೋಡುವಾಗ ಗದ್ದ ನುಣ್ಣಗಿರುತ್ತದೆ, ಯಾಕೆಂದರೆ ನೀವು ಆಗಲೇ ತೆಗೆದಿರುತ್ತೀರಿ. ಅವರು ಕೇಳದಿದ್ದರೆ ಅವಳು ಹೇಳುವುದಿಲ್ಲ. ಗದ್ದ, ನೆತ್ತಿ ಎರಡನ್ನೂ ಒಟ್ಟಿಗೆ ನೋಡಿದವರು ನೀವು ಮಾತ್ರ.

ಈ ಎರಡರ ಜೊತೆಗೆ ಮುಟ್ಟು ತಿಂಗಳು ತಪ್ಪಿ ತಪ್ಪಿ ಬರುತ್ತಿದ್ದರೆ, ಮೊಡವೆ ವಾಸಿಯಾಗದೆ ಕಾಡುತ್ತಿದ್ದರೆ, ಕುತ್ತಿಗೆಯ ಹಿಂಭಾಗ ಮಖಮಲ್ಲಿನಂತೆ ದಪ್ಪವಾಗಿ ಕಪ್ಪಾಗಿದ್ದರೆ, ಅದು ನಾವೆಲ್ಲ ಪಿಸಿಓಡಿ ಎಂದು ಕರೆಯುವ ತೊಂದರೆ ಇರಬಹುದು. ಆ ಕಪ್ಪನ್ನು ಬ್ಲೀಚ್ ಹಾಕಿ, ಸ್ಕ್ರಬ್ ಹಾಕಿ ತೆಗೆಯಲು ನಿಮ್ಮನ್ನು ಕೇಳುತ್ತಾರೆ. ಅದು ಕೊಳೆಯಲ್ಲ, ಇನ್ಸುಲಿನ್ ಹೆಚ್ಚಾಗಿರುವುದರ ಗುರುತು. ಹೆಚ್ಚಿದ ಇನ್ಸುಲಿನ್ ಅಂಡಾಶಯವನ್ನು ಕೆಣಕಿ ಟೆಸ್ಟೋಸ್ಟಿರೋನ್‌ನಂಥ ಗಂಡು ಹಾರ್ಮೋನನ್ನು ಹೆಚ್ಚು ಮಾಡಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು 10 ಮಂದಿಗೆ ಈ ತೊಂದರೆ ಇದೆ, ಅವರಲ್ಲಿ 70%ವರೆಗೂ ಇದು ಪತ್ತೆಯೇ ಆಗಿಲ್ಲ. ಪತ್ತೆಯಾಗದ ಅವರೆಲ್ಲ ಎಲ್ಲಿದ್ದಾರೆ? ಬಹಳಷ್ಟು ಮಂದಿ ತಿಂಗಳಿಗೊಮ್ಮೆ ನಿಮ್ಮ ಹತ್ತಿರ ಬಂದು ಹೋಗುತ್ತಿದ್ದಾರೆ. ಅವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಅಪಾಯ ಹೆಚ್ಚು, ಮಕ್ಕಳಾಗಲು ತಡವಾಗಬಹುದು, ವರ್ಷಗಟ್ಟಲೆ ಮುಟ್ಟು ತಪ್ಪುತ್ತಿದ್ದರೆ ಗರ್ಭಕೋಶದ ಒಳಪದರಕ್ಕೂ ಒಳ್ಳೆಯದಲ್ಲ. ಕೂದಲು ಇಲ್ಲಿ ಬರೀ ಅಂದದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಹಾಗಿದ್ದರೆ ಡಬ್ಬಿ ತಿಂದು ಕೂದಲು ಬಂದವರನ್ನು ನಾವು ಕಣ್ಣಾರೆ ಕಂಡಿದ್ದೇವಲ್ಲ ಎಂದು ನೀವು ಕೇಳಬಹುದು. ಕಂಡಿರುತ್ತೀರಿ. ಅದರಲ್ಲಿ ಬಾಣಂತಿಯರೇ ಹೆಚ್ಚು ಎಂದು ನನ್ನ ಊಹೆ. ಸೀಮಂತಕ್ಕೆ ಮೊಗ್ಗಿನ ಜಡೆ ಹೆಣೆಯುವಾಗ ಬಸುರಿಯ ಕೂದಲು ಎಷ್ಟು ತುಂಬಿಕೊಂಡಿರುತ್ತದೆ ನೆನಪಿಸಿಕೊಳ್ಳಿ. ಕೆಲವರಿಗೆ ಚೌರಿಯೂ ಬೇಡ. ಬಸಿರಿನಲ್ಲಿ ಈಸ್ಟ್ರೋಜೆನ್ ಏರಿ ಕೂದಲನ್ನು ಉದುರಗೊಡದೆ ಹಿಡಿದಿಟ್ಟಿರುತ್ತದೆ. ಹೆರಿಗೆಯಾದ ಕೂಡಲೇ ಅದು ಇಳಿಯುತ್ತದೆ, ಹಿಡಿದಿಟ್ಟದ್ದೆಲ್ಲ ಒಟ್ಟಿಗೆ ವಿಶ್ರಾಂತಿಗೆ ಹೋಗಿ, ಎರಡರಿಂದ ನಾಲ್ಕು ತಿಂಗಳಿಗೆ ಹಿಡಿಹಿಡಿಯಾಗಿ ಉದುರುತ್ತದೆ. ಹೆದರಿದ ತಾಯಿ ನಿಮ್ಮ ಬಳಿ ಬರುವುದು ಆಗಲೇ. ನೀವು ಡಬ್ಬಿ ಕೊಡುತ್ತೀರಿ. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಕೂದಲು ಬಂದಿರುತ್ತದೆ. ಡಬ್ಬಿ ಕೊಡದಿದ್ದರೂ ಬರುತ್ತಿತ್ತು. ಡೆಂಗಿ, ಟೈಫಾಯ್ಡ್, ದೊಡ್ಡ ಆಪರೇಷನ್, ಮನೆಯಲ್ಲೊಂದು ಸಾವು, ಮದುವೆಗೆಂದು ಊಟ ಬಿಟ್ಟು ತೂಕ ಇಳಿಸಿದ್ದು, ಇವುಗಳ ಮೂರು ತಿಂಗಳ ಮೇಲೆ ಉದುರುವ ಕೂದಲೂ ಹೀಗೆಯೇ ತಾನಾಗಿ ತಿರುಗಿ ಬರುತ್ತದೆ. ಆದ್ದರಿಂದ ‘ಎಷ್ಟು ಉದುರುತ್ತಿದೆ’ ಎಂದು ಕೇಳುವುದಕ್ಕಿಂತ ‘ಮೂರು ತಿಂಗಳ ಹಿಂದೆ ಏನಾಗಿತ್ತು’ ಎಂದು ಕೇಳಿ. ಬಾಣಂತಿಗೆ ಬೇಕಿರುವುದು ಹೊಟ್ಟೆತುಂಬ ಊಟ ಮತ್ತು ‘ಇದು ಎಲ್ಲರಿಗೂ ಆಗುತ್ತಮ್ಮ, ಬರುತ್ತೆ’ ಎಂಬ ಧೈರ್ಯ. ವರ್ಷ ಕಳೆದರೂ ನಿಲ್ಲದಿದ್ದರೆ, ಅಥವಾ ಜೊತೆಗೆ ವಿಪರೀತ ಸುಸ್ತು, ಎದೆಬಡಿತ ಇದ್ದರೆ ಥೈರಾಯ್ಡ್ ಪರೀಕ್ಷೆಯಾಗಲಿ; ಹೆರಿಗೆಯ ನಂತರದ ವರ್ಷದಲ್ಲಿ ಥೈರಾಯ್ಡ್ ಕೆಡುವುದುಂಟು.

ಪೂರಕ ಮಾತ್ರೆ ನಿಜವಾಗಿ ಕೆಲಸಕ್ಕೆ ಬರುವ ಜಾಗವೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಕಬ್ಬಿಣಾಂಶ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ದೇಶದಲ್ಲಿ 57%, ಕರ್ನಾಟಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ಇಲ್ಲಿ ಹಾರ್ಮೋನು ಮತ್ತು ಕೊರತೆ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಥೈರಾಯ್ಡ್ ಕುಂದಿದವಳಿಗೆ, ಪಿಸಿಓಡಿ ಇದ್ದವಳಿಗೆ, ನಲವತ್ತೈದು ದಾಟಿದವಳಿಗೆ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗಬಹುದು. ರಕ್ತದ ಜೊತೆ ಕಬ್ಬಿಣ ಹೋಗುತ್ತದೆ, ಕಬ್ಬಿಣದ ಜೊತೆ ಕೂದಲು. ಅಂಥವಳಿಗೆ ಹಿಮೋಗ್ಲೋಬಿನ್, ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆಯಾದ ಫೆರಿಟಿನ್ ನೋಡಿ ಡಾಕ್ಟರು ಕೊಡುವ ಕಬ್ಬಿಣದ ಮಾತ್ರೆ ದುಬಾರಿ ಗಮ್ಮಿಗಿಂತ ಎಷ್ಟೋ ಮೇಲು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಅದು ದುಡ್ಡಿಲ್ಲದೆ ಸಿಗುತ್ತದೆ, ಗಮ್ಮಿಯಲ್ಲಿ ಕಬ್ಬಿಣ ಸಾಮಾನ್ಯವಾಗಿ ಇರುವುದೇ ಇಲ್ಲ. ಝಿಂಕ್, ವಿಟಮಿನ್ ಡಿ ಕೂಡ ಕೊರತೆ ಇದ್ದವರಿಗೆ ಕೊಡಬೇಕಾದದ್ದೇ. ಕೊರತೆ ಇಲ್ಲದೆ ತಿಂದರೆ? ವಿಟಮಿನ್ ಎ ಮತ್ತು ಸೆಲೆನಿಯಮ್ ಹೆಚ್ಚಾದರೆ ಕೂದಲು ಉದುರಿಸುತ್ತವೆ. 2008ರಲ್ಲಿ ಅಮೆರಿಕದಲ್ಲಿ ಒಂದು ಪೂರಕ ದ್ರವದಲ್ಲಿ ಸೆಲೆನಿಯಮ್ ಲೇಬಲ್ಲಿನಲ್ಲಿ ಬರೆದದ್ದಕ್ಕಿಂತ 200 ಪಟ್ಟು ಹೆಚ್ಚು ಸೇರಿಹೋಗಿ, 201 ಮಂದಿ ಕಾಯಿಲೆ ಬಿದ್ದರು. ಅವರಲ್ಲಿ ಹೆಚ್ಚಿನವರ ಕೂದಲು ಉದುರಿತ್ತು. ಬಸುರಿನ ಮೊದಲ ತಿಂಗಳುಗಳಲ್ಲಿ ಹೆಚ್ಚು ವಿಟಮಿನ್ ಎ ಮಗುವಿನ ಅಂಗಗಳಿಗೇ ಅಪಾಯ. ಮದುವೆಯಾದ ಹೊಸತರಲ್ಲಿ ಡಬ್ಬಿ ಕೇಳಿಕೊಂಡು ಬರುವ ಹುಡುಗಿಗೆ ತಾನು ಬಸುರಿ ಎಂಬುದು ತಿಳಿದಿರಲಾರದು.

‘ಡಿಎಚ್‌ಟಿ ಬ್ಲಾಕರ್’ ಎಂದು ಬರೆದುಕೊಂಡ ಗಿಡಮೂಲಿಕೆ ಮಾತ್ರೆಗಳೂ ಬರುತ್ತಿವೆ. ಸಾ ಪಾಲ್ಮೆಟೋ ಎಂಬ ಅಮೆರಿಕದ ಕುಳ್ಳ ತಾಳೆಯ ಹಣ್ಣು, ಸಿಹಿಗುಂಬಳ ಬೀಜದ ಎಣ್ಣೆ ಇವುಗಳಲ್ಲಿ ಮುಖ್ಯ. ಇವನ್ನು ಬಯೋಟಿನ್ ಸಾಲಿಗೆ ಸೇರಿಸಲಾರೆ, ಏನೋ ಸ್ವಲ್ಪ ಇದೆ. 2014ರಲ್ಲಿ ಕೊರಿಯಾದಲ್ಲಿ 76 ಗಂಡಸರ ಮೇಲೆ 24 ವಾರ ನಡೆದ ಪ್ರಯೋಗದಲ್ಲಿ ಕುಂಬಳ ಬೀಜದ ಎಣ್ಣೆ ತೆಗೆದುಕೊಂಡವರ ಕೂದಲಿನ ಎಣಿಕೆ 40% ಏರಿತು, ಬರೀ ತೋರಿಕೆಯ ಮಾತ್ರೆ ತೆಗೆದುಕೊಂಡವರದ್ದು 10%. ಆದರೆ ಆ ಮಾತ್ರೆಯಲ್ಲಿ ಬೇರೆ ಪದಾರ್ಥಗಳೂ ಇದ್ದವು. 2012ರಲ್ಲಿ ಇಟಲಿಯಲ್ಲಿ 100 ಗಂಡಸರನ್ನು ಎರಡು ವರ್ಷ ನೋಡಿದಾಗ ಸಾ ಪಾಲ್ಮೆಟೋ ತಿಂದವರಲ್ಲಿ 38%, ಫಿನಾಸ್ಟರೈಡ್ ಎಂಬ ಔಷಧ ತಿಂದವರಲ್ಲಿ 68% ಮಂದಿಗೆ ಸುಧಾರಣೆ ಕಂಡಿತು. ಎರಡರಲ್ಲೂ ಹೆಂಗಸರಿರಲಿಲ್ಲ ಎಂಬುದನ್ನು ಗಮನಿಸಿ. ಹಾರ್ಮೋನಿಗೆ ಕೈಹಾಕುವ ಗಿಡಮೂಲಿಕೆಯನ್ನು ಬಸುರಿಗೆ, ಬಾಣಂತಿಗೆ ಕೊಡುವಂತಿಲ್ಲ ಎಂಬುದನ್ನೂ. ಇಂಥ ಮಾತ್ರೆಗಳಲ್ಲಿ ಸೇರಿಸುವ ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಥೈರಾಯ್ಡ್ ಮಾತ್ರೆ ನುಂಗುತ್ತಿರುವವರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು. ನಿಮ್ಮ ಕಪಾಟಿನ ಯಾವ ಪೂರಕದ ಡಬ್ಬಿಯನ್ನಾದರೂ ತಿರುಗಿಸಿ ನೋಡಿ, ಔಷಧವಾಗಿ ಬಳಸಲು ಅಲ್ಲ ಎಂಬ ಅರ್ಥದ ಇಂಗ್ಲಿಷ್ ಸಾಲು ಇರುತ್ತದೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮದಂತೆ ಅದನ್ನು ಮುದ್ರಿಸಲೇಬೇಕು. ಕಂಪನಿಯೇ ಔಷಧವಲ್ಲ ಎಂದು ಬರೆದುಕೊಟ್ಟದ್ದನ್ನು ನೀವು ಔಷಧವೆಂದು ಮಾರುವ ಹೊಣೆ ಯಾಕೆ ಹೊರಬೇಕು?

ಹಾರ್ಮೋನಿನಿಂದ ತೆಳ್ಳಗಾದ ಕೂದಲಿಗೆ ಚಿಕಿತ್ಸೆ ಇದೆ. ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ನುಂಗಿದವರ ಮೈಮೇಲೆಲ್ಲ ಕೂದಲು ಬೆಳೆದದ್ದನ್ನು ಕಂಡು ತಲೆಗೆ ಹಚ್ಚುವ ಔಷಧವಾಗಿ ಮಾಡಿದರು, 1988ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮೊದಲ ವಾರಗಳಲ್ಲಿ ಕೂದಲು ಇನ್ನಷ್ಟು ಉದುರಬಹುದು, ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು, ಬಿಟ್ಟರೆ ಬಂದದ್ದು ಹೋಗುತ್ತದೆ. ಇದನ್ನು ಯಾರೂ ಹೇಳದ ಕಾರಣ ಎಷ್ಟೋ ಮಂದಿ ಮೂರನೇ ವಾರಕ್ಕೇ ಹೆದರಿ ಬಾಟಲಿ ಎಸೆಯುತ್ತಾರೆ. ನೀವು ಹೇಳಿದರೆ ಉಳಿಸಿಕೊಳ್ಳುತ್ತಾರೆ. ಪಿಸಿಓಡಿ ಇದ್ದವರಿಗೆ ಗಂಡು ಹಾರ್ಮೋನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್, ಮುಟ್ಟು ಸರಿಪಡಿಸುವ ಹಾರ್ಮೋನು ಮಾತ್ರೆ, ಇನ್ಸುಲಿನ್ನಿಗೆ ಮೆಟ್‌ಫಾರ್ಮಿನ್, ಹೀಗೆ ಡಾಕ್ಟರು ನೋಡಿ ಕೊಡುತ್ತಾರೆ. ಬಸುರಾಗುವ ಸಾಧ್ಯತೆ ಇದ್ದವರಲ್ಲಿ ಇವುಗಳಲ್ಲಿ ಕೆಲವಕ್ಕೆ ಕಟ್ಟುನಿಟ್ಟಿನ ಎಚ್ಚರಿಕೆ ಬೇಕು, ಅಂಗಡಿಯಿಂದ ತಂದು ಹಚ್ಚುವ, ನುಂಗುವ ಸಾಮಾನಲ್ಲ. ಖಾಸಗಿ ಕ್ಲಿನಿಕ್ಕಿನ ಫೀಸು ಭಾರವೆನ್ನುವವರಿಗೆ ಬೆಂಗಳೂರಿನ ವಿಕ್ಟೋರಿಯಾ, ಮೈಸೂರಿನ ಕೆ.ಆರ್. ಆಸ್ಪತ್ರೆ, ಹಿಂದೆ ಕಿಮ್ಸ್ ಎನಿಸಿದ್ದ ಹುಬ್ಬಳ್ಳಿಯ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗವಿದೆ. ಪೂರ್ತಿ ಕುಗ್ಗಿಹೋದ ಬುಡವನ್ನು ಯಾವ ಔಷಧವೂ ಎಬ್ಬಿಸಲಾರದು, ಆದ್ದರಿಂದ ಬೇಗ ಹೋದಷ್ಟೂ ಉಳಿಯುವುದು ಹೆಚ್ಚು.

ಹೇಗೆ ಹೇಳುವುದು ಎಂಬ ಅಂಜಿಕೆ ನಿಮಗಿರುತ್ತದೆ. ಕನ್ನಡಿ ಮುಂದೆ ನಾಲ್ಕು ಜನ ಕೂತಿರುವಾಗ ‘ಅಯ್ಯೋ, ಎಷ್ಟು ತೆಳ್ಳಗಾಗಿದೆ’ ಎಂದರೆ ಅವಳು ಮತ್ತೆ ಬರುವುದಿಲ್ಲ. ಹೆಣ್ಣು ನೋಡಲು ಬಂದವರು ಜಡೆ ಕಡೆ ಕಣ್ಣು ಹಾಯಿಸುವ ನಮ್ಮ ಮನೆಗಳಲ್ಲಿ ಈ ನೋವು ಎಷ್ಟು ಆಳದ್ದು ಎಂದು ನಿಮಗೆ ನಾನು ಹೇಳಿಕೊಡಬೇಕಿಲ್ಲ. ತಲೆ ತೊಳೆಯುವಾಗಲೋ, ಅವಳೊಬ್ಬಳೇ ಇರುವಾಗಲೋ ಮೆಲ್ಲಗೆ ಕೇಳಿ: ‘ಬೈತಲೆ ಸ್ವಲ್ಪ ಅಗಲ ಆದಂಗಿದೆ ಕಣಮ್ಮ. ಮುಟ್ಟು ಸರಿಯಾಗಿ ಆಗ್ತಿದೆಯಾ? ಥೈರಾಯ್ಡ್ ಯಾವಾಗಲಾದ್ರೂ ನೋಡಿಸಿದ್ಯಾ?’ ಆಮೇಲೆ ಅವಳದೇ ಫೋನಿನಲ್ಲಿ ನೆತ್ತಿಯ ಫೋಟೊ ತೆಗೆದುಕೊಡಿ, ಗದ್ದದ ಕೂದಲನ್ನು ತೆಗೆಯುವ ಮೊದಲು ಅದರದ್ದೂ ಒಂದು. ಡಾಕ್ಟರಿಗೆ ಆ ಎರಡು ಫೋಟೊ ಬಹಳ ಸಹಾಯವಾಗುತ್ತವೆ. ರೋಗದ ಹೆಸರು ನೀವು ಹೇಳಬೇಕಿಲ್ಲ, ಹೇಳಲೂಬೇಡಿ.

ಒಂದು ಸಂದರ್ಭದಲ್ಲಿ ಮಾತ್ರ ಮೆಲ್ಲಗೆ ಹೇಳಿ ಬಿಡಬೇಡಿ, ಒತ್ತಾಯ ಮಾಡಿ. ಕೆಲವೇ ತಿಂಗಳಲ್ಲಿ ಗದ್ದ, ಎದೆ, ಹೊಟ್ಟೆಯ ಮೇಲೆಲ್ಲ ಕೂದಲು ದಟ್ಟವಾಗಿ, ನೆತ್ತಿ ವೇಗವಾಗಿ ಬರಿದಾಗಿ, ದನಿ ಗಡುಸಾಗಿ, ಮುಟ್ಟು ನಿಂತೇಹೋಗಿದ್ದರೆ ಅದು ಅಂಡಾಶಯದಲ್ಲೋ ಮೂತ್ರಪಿಂಡದ ಮೇಲಿರುವ ಗ್ರಂಥಿಯಲ್ಲೋ ಗಂಡು ಹಾರ್ಮೋನು ಸುರಿಸುವ ಗಡ್ಡೆ ಇರಬಹುದು. ಅಪರೂಪ, ಆದರೆ ಬರುತ್ತದೆ, ಮುಟ್ಟು ನಿಂತ ವಯಸ್ಸಿನವರಿಗೂ. ಅಂಥವಳು ನಿಮ್ಮ ಕುರ್ಚಿಯಲ್ಲಿ ಕೂತರೆ ಮುಂದಿನ ಥ್ರೆಡ್ಡಿಂಗ್‌ವರೆಗೆ ಕಾಯಬೇಡಿ. ಆ ವಾರವೇ ಆಸ್ಪತ್ರೆಗೆ ಕಳಿಸಿ. ಒಬ್ಬಳೇ ಹೋಗಲು ಹೆದರಿದರೆ ಜೊತೆಗೆ ಯಾರನ್ನಾದರೂ ಹೊರಡಿಸಿ.

ಪ್ರೀತಿಯಿಂದ,
ನಿಮ್ಮ ಗಿರಾಕಿಗಳಲ್ಲೊಬ್ಬಳು